ಹ್ಯಾಂಡಲ್ ಬದಲಿಸುವ ಮುನ್ನ

ಮಠದ ಪಾಠಶಾಲೆಯಲ್ಲಿ ಓದಿದವರಿಗೂ ಮೋಟಾರು ಸೈಕಲ್ಲಿಗೂ ಏನು ನಂಟು ಎಂದು ನಮ್ಮ ಬಂಧುವರ್ಗದವರು ಮೂವತ್ತು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ನಾವೂ ನಗುತ್ತಲೇ ಉತ್ತರಿಸುತ್ತ ಬಂದಿದ್ದೇವೆ. ಗದಗ ಸೀಮೆಯ ಮಠವೊಂದರಲ್ಲಿ ಅನ್ನ, ಅಕ್ಷರ ಎರಡನ್ನೂ ಪಡೆದು, ಅಧ್ಯಾಪಕ ವೃತ್ತಿಯ ನಿಮಿತ್ತ ಕರಾವಳಿಗೆ ಬಂದು ಮಣಿಪಾಲದಲ್ಲಿ ನೆಲೆಸಿದವರು ನಾವು. ಶಾಸನಗಳ ಹುಚ್ಚು ವಿದ್ಯಾರ್ಥಿ ದೆಸೆಯಿಂದಲೇ ಅಂಟಿದ್ದು. ಶಾಸನಗಳು ಬಸ್ ನಿಲ್ದಾಣದಲ್ಲಿ ಇರುವುದಿಲ್ಲ. ಹೊಲದ ಬದುವಿನಲ್ಲಿ, ಹಾಳುಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ ಇರುತ್ತವೆ. ಅವುಗಳನ್ನು ಅರಸಿ ಹೋಗಲೆಂದು 1994ರಲ್ಲಿ ಒಂದು ಬುಲೆಟ್ ಕೊಂಡೆವು. ಹಿಂದಿನ ಆಸನದಲ್ಲಿ ನಮ್ಮ ಮನೆಯವರು, ಪಕ್ಕದ ಪೆಟ್ಟಿಗೆಯಲ್ಲಿ ರೊಟ್ಟಿಯ ಬುತ್ತಿ ಮತ್ತು ನೋಟುಪುಸ್ತಕ. ಈ ಕ್ರಮದಲ್ಲಿ ಬಳ್ಳಿಗಾವೆ, ಉಡುತಡಿ, ಬನವಾಸಿ, ಉಳವಿಗಳನ್ನೆಲ್ಲ ಕಂಡಿದ್ದೇವೆ. ಈಗ ನಮಗೆ ಅರವತ್ತನಾಲ್ಕು. ಆ ಗಾಡಿಯ ಹ್ಯಾಂಡಲ್ ಬದಲಿಸಬೇಕಾಗಿ ಬಂದಾಗ ನಡೆದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಮನೆಯಲ್ಲಿ ವಯಸ್ಸಾದ ಸವಾರರಿರುವ ಕುಟುಂಬಗಳಿಗೆ ಇದರಿಂದ ಕಿಂಚಿತ್ತಾದರೂ ಪ್ರಯೋಜನವಾದೀತೆಂಬ ನಂಬಿಕೆ.

ಮಣಿಪಾಲವೆಂದರೆ ಮುರಕಲ್ಲಿನ ಗುಡ್ಡ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಬಳಿಕ ಈ ಗುಡ್ಡಕ್ಕೆ ಜನ ಬಂದರು, ಬೀದಿ ಬಂದವು. ಇಲ್ಲಿಂದ ಪೂರ್ವಾಭಿಮುಖವಾಗಿ ಹೊರಟರೆ ಪರ್ಕಳ, ಹಿರಿಯಡಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ. ಅನಂತರ ಆಗುಂಬೆ ಘಟ್ಟದ 14 ತಿರುವುಗಳು. ಘಟ್ಟವೇರಿದ ಮೇಲೆ ತೀರ್ಥಹಳ್ಳಿ, ಶಿವಮೊಗ್ಗ, ಶಿಕಾರಿಪುರ, ಕಡೆಗೆ ಬಳ್ಳಿಗಾವೆ. ಒಟ್ಟು ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಅಲ್ಲಮಪ್ರಭುಗಳ ಆ ಊರಿಗೆ ವರ್ಷಕ್ಕೊಮ್ಮೆಯಾದರೂ ಹೋಗಿಬರುವುದು ನಮ್ಮ ದಂಪತಿಗಳ ವಾಡಿಕೆ.

2024ರ ಮಳೆಗಾಲ ಮುಗಿಯುವ ಹೊತ್ತಿಗೆ ಹಾಗೆಯೇ ಹೋಗಿ ಹಿಂದಿರುಗುತ್ತಿದ್ದೆವು. ಆಗುಂಬೆಯ ಇಳಿಜಾರಿನ ಒಂದು ತಿರುವಿನಲ್ಲಿ ಗೇರು ಇಳಿಸಬೇಕಾಯಿತು. ನಮ್ಮದು ಹಳೆಯ ಮಾದರಿ. ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಕ್ಲಚ್ಚು ಸಕಾಲಕ್ಕೆ ಕೈಗೆ ಬರಲಿಲ್ಲ; ಗೇರು ಬೀಳಲಿಲ್ಲ; ಗಾಬರಿಯಿಂದ ಬ್ರೇಕನ್ನು ಬಲವಾಗಿ ತುಳಿದೆವು. ಹಿಂದಿನ ಚಕ್ರ ಹಾವಸೆಯ ಮೇಲೆ ಜಾರಿ ಗಾಡಿ ಎಡಮಗ್ಗುಲಿಗೆ ಮಲಗಿತು. ವೇಗವು ಎತ್ತಿನ ಗಾಡಿಯದೇ ಆಗಿದ್ದರಿಂದಲೂ ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇದ್ದುದರಿಂದಲೂ ದೊಡ್ಡ ಅನಾಹುತ ತಪ್ಪಿತು. ನಮ್ಮ ಮೊಣಕೈ ತರಚಿತು, ಮನೆಯವರ ಮೊಣಕಾಲಿಗೆ ಪೆಟ್ಟಾಯಿತು. ಹಿಂದಿನಿಂದ ಬಂದ ಕಾರಿನವರು ಗಾಡಿಯನ್ನೆತ್ತಿ ನಿಲ್ಲಿಸಿ, "ಹಾವಸೆ ಸಾರ್, ಹಾವಸೆ" ಎಂದರು. "ಹೌದು, ಹಾವಸೆ" ಎಂದೆವು ನಾವು. ಊರು ಸೇರುವಷ್ಟರಲ್ಲಿ ಆ ಮಾತನ್ನು ಮೂರು ಕಡೆ ಹೇಳಿಯಾಗಿತ್ತು. ಮನೆಯವರು ಮಾತ್ರ ಏನೂ ಹೇಳಲಿಲ್ಲ.

ಹ್ಯಾಂಡಲ್ಲಿನ ಎಡತುದಿ ಬಗ್ಗಿತ್ತು. ಮರುದಿನ ಗಾಡಿಯನ್ನು ನಮ್ಮ ಹಳೆಯ ಮೆಕ್ಯಾನಿಕರ ಗ್ಯಾರೇಜಿಗೆ ಒಯ್ದೆವು. ಈ ಸೀಮೆಯಲ್ಲಿ ಪಾಠ ಹೇಳಿದವರೆಲ್ಲ ಮಾಷ್ಟ್ರೇ. "ಬಿಸಿ ಮಾಡಿ ನೆಟ್ಟಗೆ ಮಾಡಲಾಗದೇ?" ಎಂದು ನಾವು ಕೇಳಿದ್ದಕ್ಕೆ ಅವರು ತಲೆಯಾಡಿಸಿದರು. "ಮಾಡ್ಲಿಕ್ಕೆ ಬರ್ತದೆ ಮಾಷ್ಟ್ರೇ, ಆದ್ರೆ ನಾನು ಮಾಡಿ ಕೊಡುದಿಲ್ಲ. ಒಮ್ಮೆ ಬಗ್ಗಿದ ಪೈಪು ನಾಳೆ ಎಲ್ಲಿ ತುಂಡಾಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ." ಅವರ ಮಾತಿನಲ್ಲಿ ಲೋಹಶಾಸ್ತ್ರವಿತ್ತು. ಉಕ್ಕಿನ ಕೊಳವೆ ಬಗ್ಗಿದೆಡೆಯಲ್ಲಿ ಗಡುಸಾಗುತ್ತದೆ. ಮತ್ತೆ ನೆಟ್ಟಗೆ ಮಾಡಿದರೆ ಕಣ್ಣಿಗೆ ಕಾಣದ ಬಿರುಕುಗಳು ಅಲ್ಲಿ ಉಳಿಯಬಹುದು. ಕಾಯಿಸಿದರಂತೂ ಮೂಲದ ಬಲವೇ ಕೆಡಬಹುದು. ಅಲ್ಯೂಮಿನಿಯಂ ಹ್ಯಾಂಡಲ್ ಆದರೆ ಬಗ್ಗುವುದಕ್ಕೆ ಬದಲು ಮುರಿದೇ ಹೋಗುವ ಸಂಭವ ಹೆಚ್ಚು. ಬಿದ್ದ ಗಾಡಿಯ ಹ್ಯಾಂಡಲನ್ನು ಸರಿಪಡಿಸಿ ಉಳಿಸುವ ಉಳಿತಾಯ ಉಳಿತಾಯವಲ್ಲ.

ಹ್ಯಾಂಡಲನ್ನು ಕಳಚುತ್ತ ಅವರು ಎರಡು ಸಂಗತಿಗಳನ್ನು ಗಮನಿಸಿದರು. ಒಂದು, ಕ್ಲಾಂಪಿನ ಕೆಳಗೆ ಬಿದ್ದ ಗುರುತು. ಹ್ಯಾಂಡಲನ್ನು ಯಾವಾಗಲೋ ಅದರ ಸಹಜ ಸ್ಥಾನದಿಂದ ಮುಂದಕ್ಕೆ ತಿರುಗಿಸಿ ಬಿಗಿಸಲಾಗಿತ್ತು. ಯಾವಾಗಲೋ ಏನು ಬಂತು, 1994ರಲ್ಲಿಯೇ. ಮುಂದಕ್ಕೆ ಬಾಗಿ ಕುಳಿತರೆ ಸವಾರನಿಗೊಂದು ಠೀವಿ ಬರುತ್ತದೆಂದು ನಾವೇ ಹೇಳಿ ಮಾಡಿಸಿದ್ದು. ಆಗ ನಮಗೂ ಮೂವತ್ತಮೂರು! ಇನ್ನೊಂದು, ಹಿಡಿಯ ರಬ್ಬರು. ಬಲಗಡೆಯದು ಸಮನಾಗಿ ಸವೆದಿತ್ತು. ಎಡಗಡೆಯದು ಹೊರತುದಿಯಲ್ಲಿ ಮಾತ್ರ ಸವೆದು ಹಳ್ಳವಾಗಿತ್ತು. ಅವರು ಅದರ ಮೇಲೆ ಹೆಬ್ಬೆರಳಾಡಿಸಿ, "ಮಾಷ್ಟ್ರೇ, ನಿಮ್ಮ ಎಡಗೈಗೆ ಎಂಥ ಆಗಿದೆ?" ಎಂದರು. "ಏನೂ ಆಗಿಲ್ಲ" ಎಂದು ಉತ್ತರಿಸಿದೆವು.

ಹೊಸ ಹ್ಯಾಂಡಲ್ ನೋಡಲು ಉಡುಪಿಯ ಬಿಡಿಭಾಗಗಳ ಅಂಗಡಿಗೆ ಹೋದಾಗ ಜೊತೆಗೆ ನಮ್ಮ ಸೋದರಳಿಯನಿದ್ದ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಅಂಗಡಿಯವರು ಮೂರು ಬಗೆಯವನ್ನು ಮುಂದಿಟ್ಟರು. ಮೊದಲನೆಯದು ನೇರವಾದದ್ದು, ಗಿಡ್ಡನೆಯದು, ಕನ್ನಡಿಯಂತೆ ಹೊಳೆಯುವಂಥದು. "ಮಾಮಾ, ಇದನ್ನ ಹಾಕಸ್ರಿ, ಗಾಡಿ ಭಾಳ ಮಸ್ತ ಕಾಣತೈತಿ" ಎಂದ ಅಳಿಯ. ಎರಡನೆಯದು ಕೊಂಬಿನಂತೆ ಮೇಲೆದ್ದು ಅಗಲಕ್ಕೆ ಚಾಚಿಕೊಂಡದ್ದು; ಇದರಲ್ಲಿ ಕುಳಿತರೆ ರಾಜಾಸನವೆಂದು ಅಂಗಡಿಯವರ ವರ್ಣನೆ. ಮೂರನೆಯದು ಕಂಪನಿಯ ಮೂಲ ಮಾದರಿ. ಬೆಲೆಯೂ ಎಲ್ಲಕ್ಕಿಂತ ಕಡಿಮೆ, ನೋಟವೂ ಸಾಧಾರಣ. ನಿಜ ಹೇಳಬೇಕೆಂದರೆ ನಮ್ಮ ಮನಸ್ಸು ಮೊದಲನೆಯದರತ್ತ ಹರಿದಿತ್ತು. ನಾಳೆ ಹೇಳುತ್ತೇವೆಂದು ಮನೆಗೆ ಬಂದೆವು.

ರಾತ್ರಿ ಪ್ರಸಾದವಾದ ಮೇಲೆ ಮೂರರ ಗುಣದೋಷಗಳನ್ನೂ ಮನೆಯವರ ಮುಂದೆ ವಿಸ್ತಾರವಾಗಿ ವಿವರಿಸಿದೆವು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿದ ಅವರು ಕಡೆಗೆ ಹೇಳಿದ್ದಿಷ್ಟು: "ಹ್ಯಾಂಡಲ್ ಯಾವದರ ಹಾಕಸ್ರಿ. ಮೊದಲ ಆ ಎಡಗೈ ಡಾಕ್ಟರಿಗೆ ತೋರಸ್ರಿ. ಹಾವಸಿ ಮ್ಯಾಲೆ ತಪ್ಪು ಹಾಕಬ್ಯಾಡ್ರಿ. ಎರಡು ವರ್ಷದಿಂದ ನಿಮ್ಮ ಹೆಗಲ ಮ್ಯಾಲೆ ಕೈ ಇಟ್ಟು ಕುಂಡರಾಕಿ ನಾನು. ದಾರ್ಯಾಗ ನೀವು ಎಷ್ಟು ಸಲ ಕೈ ಝಾಡಿಸ್ತೀರಿ ಅಂತ ನಾ ಎಣಿಸಿಕೋತ ಬರ್ತೀನಿ."

ನಾವು ನಿರುತ್ತರರಾದೆವು. ಆ ಎರಡು ವರ್ಷಗಳಿಂದ ದೂರದ ಸವಾರಿಯಲ್ಲಿ ನಮ್ಮ ಎಡಗೈಯ ಕಿರುಬೆರಳು, ಉಂಗುರ ಬೆರಳುಗಳು ಜೋಮು ಹಿಡಿಯುತ್ತಿದ್ದುದು ಸತ್ಯ. ಅಷ್ಟೇ ಆಗಿದ್ದರೆ ಹೇಗೋ ಮರೆಯಬಹುದಾಗಿತ್ತು. ಪ್ರಾತಃಕಾಲದ ಪೂಜೆಗೆ ಕುಳಿತು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಬಿಜಯಂಗೈಸಿದಾಗಲೂ ಕೈ ಹಗುರವಾಗಿ ನಡುಗುತ್ತಿತ್ತು. ಬಾಲ್ಯದಿಂದ ಒಂದು ದಿನವೂ ತಪ್ಪದೆ ನಿಶ್ಚಲವಾಗಿ ನಿಂತ ಅಂಗೈ ಅದು. ವಯೋಧರ್ಮವೆಂದು ಮನಸ್ಸಿಗೆ ಹೇಳಿಕೊಂಡು, ಬಲಗೈಯನ್ನು ಅಡಿಗೆ ಆಸರೆಯಾಗಿ ಕೊಟ್ಟು, ಯಾರಿಗೂ ತಿಳಿಯದೆಂದು ಭಾವಿಸಿದ್ದೆವು. ಘಟ್ಟದ ತಿರುವಿನಲ್ಲಿ ಕ್ಲಚ್ಚು ಕೈಗೆ ಬರಲಿಲ್ಲವೆಂದು ಮೇಲೆ ಬರೆದೆವಲ್ಲವೆ? ಕ್ಲಚ್ಚು ಸರಿಯಾಗಿಯೇ ಇತ್ತು. ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ಅದು ನಮಗೆ ಬೀಳುವ ಕ್ಷಣದಲ್ಲಿಯೇ ತಿಳಿದಿತ್ತು. ಹಿಂದೆ ಕುಳಿತವರ ಮೊಣಕಾಲಿಗೆ ಪೆಟ್ಟಾದದ್ದು ಹಾವಸೆಯಿಂದಲ್ಲ, ನಮ್ಮ ಮರೆಮಾಚುವಿಕೆಯಿಂದ.

ವೈದ್ಯರು ಬೆರಳುಗಳನ್ನು ಅಗಲಿಸಿ, ಮಡಿಸಿ, ಮಣಿಕಟ್ಟನ್ನು ತಟ್ಟಿ ಪರೀಕ್ಷಿಸಿದರು. ಮೊಣಕೈಯ ಒಳಬದಿಗೆ ಏನಾದರೂ ತಾಗಿದಾಗ ಕರೆಂಟು ಹೊಡೆದಂತಾಗುವುದಲ್ಲ, ಆ ನರಕ್ಕೆ ಅಲ್ನಾರ್ ನರವೆಂದು ಹೆಸರು. ಅದು ಕೆಳಗಿಳಿದು ಮಣಿಕಟ್ಟಿನ ಹತ್ತಿರ, ಕಿರುಬೆರಳ ಕಡೆಯ ಅಂಗೈಬುಡದಲ್ಲಿ ಹಾದು, ಕಿರುಬೆರಳಿಗೂ ಅರ್ಧ ಉಂಗುರ ಬೆರಳಿಗೂ ಸ್ಪರ್ಶವನ್ನು ಕೊಡುತ್ತದೆ; ಅಂಗೈಯ ಸಣ್ಣ ಸ್ನಾಯುಗಳಿಗೆ ಬಲವನ್ನೂ ಕೊಡುತ್ತದೆ. ಮೈಭಾರವನ್ನೆಲ್ಲ ಆ ಬುಡದ ಮೇಲೆ ಹೇರಿ ಗಂಟೆಗಟ್ಟಲೆ ಸವಾರಿ ಮಾಡಿದರೆ ನರ ಅದುಮಿಹೋಗುತ್ತದೆ. ದೂರ ಹೋಗುವ ಸೈಕಲ್ ಸವಾರರಲ್ಲಿ ಇದು ಚಿರಪರಿಚಿತ ಬಾಧೆಯಂತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಬೇರೊಂದು ನರದ ಮಾತು. ಸಕ್ಕರೆ ಕಾಯಿಲೆಯಿಂದಲೂ, ಕೊರಳಿನ ಎಲುಬಿನ ದೋಷದಿಂದಲೂ ಕೈ ಜೋಮು ಹಿಡಿಯಬಹುದಾದ್ದರಿಂದ ಅವುಗಳನ್ನೂ ನೋಡಿಸಬೇಕು. ನಮ್ಮಲ್ಲಿ ಅವೆರಡೂ ಇರಲಿಲ್ಲ. ವೈದ್ಯರು ಮೂರು ತಿಂಗಳು ಗಾಡಿ ಮುಟ್ಟಬಾರದೆಂದು ವಿಧಿಸಿದರು. ಆಮೇಲೆ ಓಡಿಸುವುದಾದರೆ ಕೂರುವ ಭಂಗಿ ಬದಲಾಗಬೇಕು, ಗಂಟೆಗೊಮ್ಮೆ ಇಳಿಯಬೇಕು, ಜೋಮು ಹಗಲೂ ರಾತ್ರಿ ಉಳಿಯತೊಡಗಿದರೆ ಸವಾರಿಗೆ ಶರಣೆನ್ನಬೇಕು ಎಂದರು.

ಈ ಮೂರು ತಿಂಗಳಲ್ಲಿ ಹ್ಯಾಂಡಲನ್ನು ಆರಿಸುವ ಸರಿಯಾದ ಕ್ರಮವನ್ನು ಮೆಕ್ಯಾನಿಕರೂ ಅಳಿಯನೂ ಸೇರಿ ನಮಗೆ ಕಲಿಸಿದರು. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡಲ್ ಇಲ್ಲದ ಗಾಡಿಯ ಮೇಲೆ ನಮ್ಮನ್ನು ಕೂರಿಸಿದರು. ಎರಡು ಕೈಗಳಲ್ಲಿ ಗೇಣುದ್ದದ ಎರಡು ಪೈಪಿನ ತುಂಡು ಕೊಟ್ಟು, ಕಣ್ಣು ಮುಚ್ಚಿ, ಹೆಗಲನ್ನು ಸಡಿಲ ಬಿಟ್ಟು, ಮೊಣಕೈ ತುಸು ಮಡಿದಿರುವಂತೆ ಕೈಗಳನ್ನು ಮುಂದೆ ಚಾಚಲು ಹೇಳಿದರು. ಆ ತುಂಡುಗಳು ನೇರವಾಗಿ ನಿಲ್ಲಲಿಲ್ಲ. ಅವುಗಳ ಹೊರತುದಿಗಳು ತಾವಾಗಿಯೇ ತುಸು ಹಿಂದಕ್ಕೂ ತುಸು ಕೆಳಕ್ಕೂ ವಾಲಿದವು. ಮನುಷ್ಯನ ಮುಷ್ಟಿಯ ಸಹಜ ಓರೆ ಅದು. ಹ್ಯಾಂಡಲ್ ಆ ಓರೆಗೆ ಹೊಂದಬೇಕೇ ಹೊರತು ಮುಷ್ಟಿ ಹ್ಯಾಂಡಲಿಗೆ ಹೊಂದಬಾರದು. ಅಳಿಯ ದರ್ಜಿಯ ಟೇಪಿನಿಂದ ಮೂರು ಅಳತೆಗಳನ್ನು ತೆಗೆದ: ಕ್ಲಾಂಪಿನಿಂದ ಮುಷ್ಟಿ ಎಷ್ಟು ಎತ್ತರ, ಎಷ್ಟು ಹಿಂದೆ, ಮುಷ್ಟಿಯಿಂದ ಮುಷ್ಟಿಗೆ ಎಷ್ಟು ಅಗಲ.

ಆ ಅಳತೆಗಳೊಡನೆ ಅಂಗಡಿಗೆ ಹೋದಾಗ ಮೂರು ಹ್ಯಾಂಡಲುಗಳೂ ಬೇರೆಯಾಗಿಯೇ ಕಂಡವು. ನೇರವಾದ ಗಿಡ್ಡ ಹ್ಯಾಂಡಲ್ ನಮ್ಮ ಮುಷ್ಟಿಗೆ ನಾಲ್ಕು ಬೆರಳು ಮುಂದೆ, ಅಷ್ಟೇ ಕೆಳಗೆ. ಅದನ್ನು ಹಿಡಿದರೆ ಬೆನ್ನು ಬಾಗಿ ಮೈಭಾರ ಮಣಿಕಟ್ಟಿನ ಮೇಲೆಯೇ ಬೀಳುತ್ತದೆ. ಕೊಂಬಿನಂಥದು ಗೇಣು ಮೇಲೆ. ಅದರಲ್ಲಿ ಕೈಗಳು ಎದೆಗಿಂತ ಎತ್ತರಕ್ಕೆ ಹೋಗಿ ಹೆಗಲು ಸೋಲುತ್ತದೆ, ಎದುರು ಗಾಳಿಗೆ ಎದೆ ಪಟದಂತೆ ತೆರೆದುಕೊಳ್ಳುತ್ತದೆ. ಅಗಲ ಹೆಚ್ಚಿದರೆ ತಿರುವುಗಳಲ್ಲಿ ತಿರುಗಿಸಲು ಹಗುರವೆಂಬುದು ನಿಜ. ಆದರೆ ಇಕ್ಕಟ್ಟಿನ ರಸ್ತೆಯಲ್ಲಿ ಬಸ್ಸಿನ ಮಗ್ಗುಲಲ್ಲಿ ಅದೇ ಅಪಾಯ. ಕಂಪನಿಯ ಸಾಧಾರಣ ಹ್ಯಾಂಡಲ್ ಮಾತ್ರ ನಮ್ಮ ಅಳತೆಗೆ ಎರಡು ಬೆರಳಷ್ಟೇ ದೂರ. ಕ್ಲಾಂಪಿನಲ್ಲಿ ಅದನ್ನು ತುಸು ಹಿಂದಕ್ಕೆ ತಿರುಗಿಸಿದರೆ ಆ ಎರಡು ಬೆರಳೂ ತುಂಬುತ್ತಿತ್ತು. ಮೂವತ್ತು ವರ್ಷ ನಮಗೆ ಒಪ್ಪುವಂಥದನ್ನೇ ಇಟ್ಟುಕೊಂಡು, ಠೀವಿಗಾಗಿ ಮುಂದಕ್ಕೆ ತಿರುಗಿಸಿಕೊಂಡು ಓಡಾಡಿದ್ದೆವು!

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಮೊದಲು ನಿಗದಿಗೊಳಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಕಂಪನಿಯೇ ಒದಗಿಸುವ ಭಾಗವನ್ನು ಹಾಕಿಸಿಕೊಳ್ಳುವುದು ಈ ದೃಷ್ಟಿಯಿಂದಲೂ ಕ್ಷೇಮ. ಕೊಳ್ಳುವಾಗ ಕೊಳವೆಯ ದಪ್ಪವನ್ನೂ ನೋಡಬೇಕು. ನಮ್ಮಂಥ ಹಳೆಯ ಬುಲೆಟ್ಟಿನದು 22 ಮಿ.ಮೀ., ಅಂದರೆ ಒಂದು ಇಂಚಿನ ಎಂಟು ಭಾಗಗಳಲ್ಲಿ ಏಳು ಭಾಗ. ಕೆಲವು ಹೊಸ ಹ್ಯಾಂಡಲುಗಳು ನಡುವೆ 28 ಮಿ.ಮೀ. ದಪ್ಪವಿರುತ್ತವೆ, ಅವು ಹಳೆಯ ಕ್ಲಾಂಪಿನಲ್ಲಿ ಕೂರುವುದಿಲ್ಲ.

ಜೋಡಿಸುವಾಗ ಮೆಕ್ಯಾನಿಕರು ತೋರಿದ ಎಚ್ಚರ ನೋಡುವಂತಿತ್ತು. ಕ್ಲಚ್ಚಿನ ಲಿವರು ಮುಂಗೈಯ ನೇರದಲ್ಲಿ ಕೆಳಮುಖವಾಗಿ ಇರುವಂತೆ ಬಿಗಿಸಿದರು. ಬೆರಳು ಚಾಚಿದರೆ ಮಣಿಕಟ್ಟು ಮೇಲಕ್ಕೆ ಮಡಿಯಬಾರದು. ಕ್ಲಚ್ಚಿನ ತಂತಿ ಹಳೆಯದಾಗಿ ಬಿಗುವಾಗಿತ್ತು. ಅದನ್ನು ಬದಲಿಸಿದ ಕೂಡಲೇ ಲಿವರಿನ ಭಾರ ಅರ್ಧಕ್ಕಿಳಿದಂತಾಯಿತು. ಅನಂತರ ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎಡಕೊನೆಗೂ ಬಲಕೊನೆಗೂ ತಿರುಗಿಸಿದರು. ಹಾಗೆ ತಿರುಗಿಸಿದಾಗ ಎಂಜಿನ್ನಿನ ಸದ್ದು ಏರಿದರೆ ಎಕ್ಸಲೇಟರ್ ತಂತಿ ಎಳೆಯುತ್ತಿದೆಯೆಂದು ಅರ್ಥ. ತಿರುವಿನಲ್ಲಿ ಗಾಡಿ ತಾನಾಗಿಯೇ ಮುನ್ನುಗ್ಗೀತು. ಪೆಟ್ರೋಲ್ ಟ್ಯಾಂಕಿಗೂ ಹೆಬ್ಬೆರಳಿಗೂ ನಡುವೆ ಅಂತರವಿದೆಯೇ ಎಂದೂ ನೋಡಿದರು. ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟು ಮತ್ತೆ ಬಿಗಿಸಲು ಬರಬೇಕೆಂದು ಅಪ್ಪಣೆಯಾಯಿತು. ಎಲ್ಲ ಮುಗಿದ ಮೇಲೆ ಅಳಿಯ ಆ ಹೊಳೆಯುವ ಹ್ಯಾಂಡಲಿನ ನೆನಪು ತೆಗೆದ. ಮೆಕ್ಯಾನಿಕರು ಕೈ ಒರೆಸಿಕೊಳ್ಳುತ್ತ, "ನೋಡ್ಲಿಕ್ಕೆ ಬೇಕಾ, ಹೋಗ್ಲಿಕ್ಕೆ ಬೇಕಾ?" ಎಂದರು. ಕಾಯಕದಲ್ಲಿ ಬಾಳು ಸವೆಸಿದವರು ಮಾತ್ರ ಆಡಬಲ್ಲ ಮಾತು.

ಬುಲೆಟ್ಟಿನ ಒಂಟಿ ಸಿಲಿಂಡರಿನ ಕಂಪನವನ್ನು ಹ್ಯಾಂಡಲ್ ಹೋಗಲಾಡಿಸಲಾರದು. ಅದು ಆ ಗಾಡಿಯ ಸ್ವಭಾವ. ಆದರೆ ಕೈ ಹಗುರವಾಗಿ ಹಿಡಿದರೆ ಕಂಪನ ಕೈಯೊಳಗೆ ಇಳಿಯುವುದು ಕಡಿಮೆ. ಬೆನ್ನೂ ತೊಡೆಯೂ ಮೈಭಾರವನ್ನು ಹೊತ್ತರೆ ಕೈ ಹಗುರವಾಗುತ್ತದೆ. ಮೂರು ತಿಂಗಳ ವಿಶ್ರಾಂತಿಯಿಂದ ಅಂಗೈಯ ನಡುಕ ಬಹುಮಟ್ಟಿಗೆ ಇಳಿಯಿತು. ಪೂರ್ತಿ ಹೋಯಿತೆಂದು ಬರೆದರೆ ಮತ್ತೊಂದು ಹಾವಸೆಯ ಕಥೆಯಾದೀತು. ಕಿರುಬೆರಳಿನ ತುದಿಯಲ್ಲಿ ಇನ್ನೂ ತುಸು ಮಂಪರಿದೆ. ಮತ್ತೆ ಹೊರಡುವ ಮುನ್ನ ಮನೆಯವರು ಒಂದು ಕರಾರು ಹಾಕಿದರು. ಅವರು ನಮ್ಮ ಹೆಗಲನ್ನು ಎರಡು ಸಲ ತಟ್ಟಿದರೆ ನಾವು ಕಾರಣ ಕೇಳದೆ ಗಾಡಿ ನಿಲ್ಲಿಸಬೇಕು. ಒಪ್ಪಿದೆವು.

2025ರ ಸಂಕ್ರಾಂತಿ ಕಳೆದ ಮೇಲೆ ಬಳ್ಳಿಗಾವೆಗೆಂದು ಹೊರಟೆವು. ಹೆಬ್ರಿಯಲ್ಲಿ ಇಳಿದೆವು, ಸೋಮೇಶ್ವರದಲ್ಲಿ ಇಳಿದೆವು. ಘಟ್ಟದ 14 ತಿರುವುಗಳನ್ನೂ ಏರಿದೆವು. ಕ್ಲಚ್ಚು ಪ್ರತಿ ಸಲವೂ ಕೈಗೆ ಬಂತು; ಮನಸ್ಸಿನಲ್ಲಿ ನಮಗೆ ನಾವೇ ಶಹಬಾಸ್ ಹೇಳಿಕೊಂಡೆವು. ಆಗುಂಬೆ ದಾಟಿ ತೀರ್ಥಹಳ್ಳಿಯ ದಾರಿಯಲ್ಲಿದ್ದಾಗ ಹೆಗಲ ಮೇಲೆ ಎರಡು ಪೆಟ್ಟು ಬಿತ್ತು. ನಿಲ್ಲಿಸಿ, ಕೈಯನ್ನು ಅವರ ಮುಂದೆ ಹಿಡಿದು ಬೆರಳುಗಳನ್ನು ಮಡಿಸಿ ತೋರಿಸುತ್ತ, "ನೋಡಿ, ಏನೂ ಆಗಿಲ್ಲ" ಎಂದೆವು.

"ನಿಮ್ಮ ಕೈ ಅಲ್ರೀ, ನನ್ನ ಮೊಣಕಾಲು" ಎಂದರು ಅವರು.

ಅಂದಿನ ಪೆಟ್ಟು ಅವರಲ್ಲಿ ಇನ್ನೂ ಉಳಿದಿತ್ತು. ದೂರದ ಸವಾರಿಗೆಂದೇ ಹತ್ತು ವರ್ಷಗಳ ಹಿಂದೆ ಬಂಧುಗಳ ಟೀಕೆಯನ್ನು ಲೆಕ್ಕಿಸದೆ ಚೂಡಿದಾರ ತೊಟ್ಟು ಎರಡೂ ಕಡೆ ಕಾಲು ಹಾಕಿ ಕುಳಿತವರು ಅವರು. ಮಡಿಸಿದ ಮೊಣಕಾಲು ಅರ್ಧ ಗಂಟೆಗೇ ಸೆಟೆದುಕೊಳ್ಳುತ್ತಿತ್ತಂತೆ. ನಾಲ್ಕು ತಿಂಗಳು ನಮ್ಮ ಕೈಯ ಅಳತೆ ತೆಗೆದದ್ದೇ ತೆಗೆದದ್ದು. ಹಿಂದಿನ ಆಸನದ ಪಾದದಾಣಿ ಎಷ್ಟು ಎತ್ತರದಲ್ಲಿದೆಯೆಂದು ಒಬ್ಬರೂ ಟೇಪು ಹಿಡಿಯಲಿಲ್ಲ. ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರೆಮಾಚುವುದರಲ್ಲಿ ನಮ್ಮ ಮನೆಯಲ್ಲಿ ಇಬ್ಬರೂ ಪಂಡಿತರೇ.

ಆ ದಿನ ಬಳ್ಳಿಗಾವೆ ಮುಟ್ಟಲಿಲ್ಲ. ನಿಧಾನವಾಗಿ ತೀರ್ಥಹಳ್ಳಿಗೆ ಬಂದು ಉಳಿದುಕೊಂಡು, ಸಂಜೆ ತುಂಗೆಯ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಮರುದಿನ ಇಬ್ಬರೂ ಮೂರು ಕಡೆ ಇಳಿಯುತ್ತ, ನಡೆಯುತ್ತ ಮನೆ ಸೇರಿದೆವು. ವಾರದೊಳಗೆ ಬುಲೆಟ್ ಮತ್ತೆ ಅದೇ ಗ್ಯಾರೇಜಿನ ಮುಂದೆ ನಿಂತಿತ್ತು. ಮೆಕ್ಯಾನಿಕರು ನಮ್ಮ ಎಡಗೈಯನ್ನೇ ನೋಡುತ್ತ, "ಈ ಸಲ ಎಂಥ ಮಾಷ್ಟ್ರೇ?" ಎಂದರು.

"ಹಿಂದಿನ ಸೀಟು" ಎಂದು, ಜೊತೆಗೆ ಬಂದಿದ್ದ ಮನೆಯವರಿಗೆ ಗಾಡಿಯ ಮೇಲೆ ಕೂರಲು ಕೈ ಕೊಟ್ಟೆವು. ಟೇಪು ಈ ಸಲ ನಮ್ಮ ಕಿಸೆಯಲ್ಲಿಯೇ ಇತ್ತು.